ನೂರಾ ಎಂಬತ್ತು ಟಿಕ್ಕು

ಕೊಳೆಗೇರಿಯ ಆ ಕ್ಷಯರೋಗ ಕೇಂದ್ರದಲ್ಲಿ ಡಾಕ್ಟರಮ್ಮ ಕೂತು ಇಪ್ಪತ್ತೆರಡು ವರ್ಷವಾಗಿತ್ತು. ಜೊತೆಯಲ್ಲಿ ಓದಿದವರೆಲ್ಲ ದೊಡ್ಡ ಆಸ್ಪತ್ರೆ ಸೇರಿ ಹೊಟ್ಟೆ ಬೆಳೆಸಿಕೊಂಡರೂ ಇವರು ಮಾತ್ರ ಆ ತಗಡಿನ ಸೂರು, ಕೈ ಮುರಿದ ಕುರ್ಚಿ ಬಿಟ್ಟು ಕದಲಲಿಲ್ಲ. ಬೇರೆ ಕಡೆ ಹತ್ತರಲ್ಲಿ ಮೂವರು ಔಷಧಿಯನ್ನು ಅರ್ಧಕ್ಕೇ ಬಿಡುತ್ತಿದ್ದರು. ಇಲ್ಲಿ ಒಬ್ಬರೂ ಬಿಟ್ಟಿರಲಿಲ್ಲ. ಅದು ಅವರ ಹೆಮ್ಮೆ. ಸ್ವಲ್ಪ ಜಂಭ ಅಂತಲೇ ಅನ್ನಿ, ಪಾಪ, ಅವರಿಗೆ ಬೇರೆ ಒಡವೆ ಇರಲಿಲ್ಲ.

ಕೇಂದ್ರದ ಪದ್ಧತಿ ಸುಲಭದ್ದು. ರೋಗಿ ಬೆಳಿಗ್ಗೆ ಎಂಟಕ್ಕೆ ಬಂದು ನರ್ಸಮ್ಮನ ಎದುರಿಗೇ ಮಾತ್ರೆ ನುಂಗಬೇಕು. ನುಂಗಿದ ಮೇಲೆ ಕಾರ್ಡಿನಲ್ಲಿ ಆ ದಿನದ ಚೌಕಕ್ಕೆ ಒಂದು ಟಿಕ್ಕು. ಡಾಕ್ಟರಮ್ಮ ಹತ್ತಕ್ಕೆ ಬರುವ ಹೊತ್ತಿಗೆ ಅದೆಲ್ಲ ಮುಗಿದಿರುತ್ತಿತ್ತು. ಬಾಗಿಲು ಹಾಕಿದ ದಿನ ಚೌಕ ಖಾಲಿ. ನೂರಾ ಎಂಬತ್ತು ಟಿಕ್ಕು ತುಂಬಿದರೆ ಬಿಡುಗಡೆ. ಬಾಯಿ ತೆರೆಸಿ, ನಾಲಗೆ ಎತ್ತಿಸಿ, ಮಾತ್ರೆ ಅಡಗಿಸಿಲ್ಲವೆಂದು ನೋಡಬೇಕು ಎಂದೂ ಮೇಲಿನವರ ಆದೇಶವಿತ್ತು. ಅದನ್ನು ಮಾತ್ರ ಡಾಕ್ಟರಮ್ಮ ಮೊದಲ ದಿನವೇ ಮೂಲೆಗೆ ಹಾಕಿದ್ದರು. ಬರುವವರು ರೋಗಿಗಳು, ಕಳ್ಳರಲ್ಲ ಎಂದು ನರ್ಸಮ್ಮನಿಗೆ ಕಟ್ಟುನಿಟ್ಟಾಗಿ ಹೇಳಿದ್ದರು.

ಹೋದ ವರ್ಷ ಬಿಡುಗಡೆಯಾಗಿದ್ದ ಗುಂಡಿಯಮ್ಮ ಮತ್ತೆ ಬಂದಳು. ಅಂಗಿ ಕಾರ್ಖಾನೆಯಲ್ಲಿ ದಿನವಿಡೀ ಗುಂಡಿ ಹೊಲಿಯುವವಳಾದ್ದರಿಂದ ಗಲ್ಲಿಯೆಲ್ಲ ಅವಳನ್ನು ಹಾಗೇ ಕರೆಯುತ್ತಿತ್ತು. ಈಗ ಕೆಮ್ಮಿದರೆ ಕರ್ಚೀಫು ಕೆಂಪಾಗುತ್ತಿತ್ತು. ಮಾಮೂಲಿ ಔಷಧಿ ಈ ಕಾಯಿಲೆಗೆ ಇನ್ನು ನಾಟುವುದಿಲ್ಲ ಎಂದು ಪರೀಕ್ಷೆಯ ವರದಿ ಬಂದಿತ್ತು. ಪೂರ್ತಿ ಔಷಧಿ ತಿಂದವರಿಗೆ ಹೀಗಾಗುವುದು ತೀರಾ ಅಪರೂಪ.

ಡಾಕ್ಟರಮ್ಮ ಹಳೆಯ ಕಾರ್ಡು ಹುಡುಕಿ ತೆಗೆದರು. ನೂರಾ ಎಂಬತ್ತು ಟಿಕ್ಕು, ಒಂದೂ ತಪ್ಪಿಲ್ಲ. ಚೌಕಗಳ ಮೇಲೆ ಬೆರಳಾಡಿಸುತ್ತಾ ಹೋದವರು ಒಂದು ತಾರೀಖಿನ ಮೇಲೆ ನಿಂತುಬಿಟ್ಟರು. ಅದು ಅವರ ಅಮ್ಮ ತೀರಿಕೊಂಡ ದಿನ. ಅಂದು ಕೇಂದ್ರಕ್ಕೆ ಬೆಳಿಗ್ಗೆಯಿಂದ ಬೀಗ. ನರ್ಸಮ್ಮ ಇಡೀ ದಿನ ಇವರ ಮನೆಯಲ್ಲಿ, ಇವರ ಕೈ ಹಿಡಿದುಕೊಂಡು ಕೂತಿದ್ದಳು. ಆ ಚೌಕದಲ್ಲೂ ಟಿಕ್ಕಿತ್ತು.

ಕೇಳಿದ್ದಕ್ಕೆ ಗುಂಡಿಯಮ್ಮ ಏನೂ ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಅಂತ ಅವಳಿಗೆ ಅನ್ನಿಸಿಯೇ ಇರಲಿಲ್ಲ. ಕಾರ್ಖಾನೆಯ ಗೇಟು ಎಂಟಕ್ಕೆ ಮುಚ್ಚುತ್ತದೆ. ತಡವಾದರೆ ಕೆಲಸ ಹೋಯಿತು. ಅದಕ್ಕೇ ನರ್ಸಮ್ಮ ಸೋಮವಾರ ಸಂಜೆ ನಲ್ಲಿ ಹತ್ತಿರ ವಾರಕ್ಕಾಗುವಷ್ಟು ಮಾತ್ರೆ ಕೊಡುತ್ತಿದ್ದಳು. ತಂಗಿಗೂ ಕೆಮ್ಮಿತ್ತು. ಹೆಸರು ಬರೆಸಿದರೆ ಕಾರ್ಖಾನೆಗೆ ಗೊತ್ತಾದೀತೆಂದು ಅವಳು ಕೇಂದ್ರಕ್ಕೆ ಬರಲಿಲ್ಲ.

"ಒಡಹುಟ್ಟಿದವಳು ಡಾಕ್ಟ್ರಮ್ಮ, ಹೆಂಗೆ ಬಿಡೋದು? ಅರ್ಧರ್ಧ ಮಾಡ್ಕೊಂಡ್ವಿ" ಎಂದಳು. ಆಮೇಲೆ ಇವರ ಮುಖ ನೋಡಿ ಗಲಿಬಿಲಿಗೊಂಡಳು. "ನಿಮಗೆ ಗೊತ್ತಿರ್ಲಿಲ್ವಾ? ನಮ್ಮ ಗಲ್ಲೀಲಿ ಎಲ್ರೂ ಮನೇಲೇ ತಾನೇ ನುಂಗೋದು?"

ಎಲ್ಲರಿಗೂ ಗೊತ್ತಿತ್ತು. ನಲ್ಲಿ ಹತ್ತಿರ ಕೊಡ ತುಂಬಿಸುವವರಿಗೂ, ಎದುರಿನ ಟೀ ಅಂಗಡಿಯವನಿಗೂ. ದಿನಾ ಕೈಮುಗಿದು ದಾರಿ ಬಿಡುತ್ತಿದ್ದ ಅಷ್ಟೂ ಜನ ಸೇರಿ ಇವರ ಕಣ್ಣಿಗೆ ಮಣ್ಣೆರಚಿದ್ದರು. ಯಾವ ಗಲ್ಲಿಗೆ ಜೀವ ತೇದರೋ ಅದೇ ಗಲ್ಲಿ. ಡಾಕ್ಟರಮ್ಮನಿಗೆ ಅಳು ಬರಲಿಲ್ಲ, ಮೈ ಉರಿಯಿತು.

ನರ್ಸಮ್ಮ ಕಾರ್ಡು ನೋಡಿದ ಕೂಡಲೇ ಒಪ್ಪಿಕೊಂಡಳು. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆಯೋಣ ಅಂತ ತಾನು ಎರಡು ಸಲ ಕೇಳಿದ್ದನ್ನೂ, ಇವರು ನೋಡೋಣ ನೋಡೋಣ ಎಂದು ತಳ್ಳಿಹಾಕಿದ್ದನ್ನೂ ತಲೆತಗ್ಗಿಸಿಯೇ ನೆನಪಿಸಿದಳು. ಮಾತ್ರೆ ಪಾಲಾಗುತ್ತದೆಂದು ಅವಳಿಗೆ ಕನಸಿನಲ್ಲೂ ಹೊಳೆದಿರಲಿಲ್ಲ. ಹೇಳಿಬಿಡೋಣ ಎಂದು ಎಷ್ಟೋ ಸಲ ಬಂದಿದ್ದಳಂತೆ. ಇಲ್ಲಿ ಒಬ್ಬರೂ ಔಷಧಿ ಬಿಟ್ಟಿಲ್ಲ ಅಂತ ಡಾಕ್ಟರಮ್ಮ ಸಭೆಗಳಲ್ಲಿ ಹೇಳಿಕೊಳ್ಳುವಾಗಿನ ಮುಖ ನೋಡಿ ಬಾಯಿ ಕಟ್ಟಿಹೋಗುತ್ತಿತ್ತಂತೆ.

ಡಾಕ್ಟರಮ್ಮ ಅದೆಲ್ಲ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಬೆರಳು ಆ ಚೌಕದ ಮೇಲೇ ಇತ್ತು.

"ಅವತ್ತು ನನ್ನ ಪಕ್ಕ ಕೂತು ಅತ್ತಿದ್ಯಲ್ಲೇ. ಅಮ್ಮ ಹೋದ ದಿನಕ್ಕೂ ಟಿಕ್ ಹಾಕೋಕೆ ನಿನಗೆ ಮನಸ್ಸಾದ್ರೂ ಹೆಂಗೆ ಬಂತು?"

"ಆಮೇಲೆ ಹಾಕಿದ್ದಲ್ಲ ಅಕ್ಕ" ಎಂದಳು ನರ್ಸಮ್ಮ. "ವಾರದ್ದೆಲ್ಲ ಸೋಮವಾರವೇ ಹಾಕಿಬಿಡ್ತಿದ್ದೆ. ಅಮ್ಮ ಹೋಗ್ತಾರೆ ಅಂತ ನನಗೇನು ಗೊತ್ತಿತ್ತು?"

ಡಾಕ್ಟರಮ್ಮ ಮೇಜಿನ ಮೇಲೆ ಕೈ ಚಾಚಿ ಬೀಗದಕೈ ಕೇಳಿದರು. ನರ್ಸಮ್ಮ ಸೊಂಟದಿಂದ ಬಿಚ್ಚಿ ಇಟ್ಟು ಹೊರಟುಹೋದಳು. ಡಾಕ್ಟರಮ್ಮ ಮೇಲಿನವರಿಗೆ ಕಾಗದ ಬರೆಯಲು ಕೂತರು. ಕಾರ್ಡಿನ ತುದಿಯಲ್ಲಿ ತಿಂಗಳಿಗೊಂದರಂತೆ ಆರು ರುಜು ಇದ್ದವು, ಎಲ್ಲವೂ ಅವರವೇ. ಅದನ್ನೂ ಬಿಡದೆ ಬರೆದರು.

ಮರುದಿನ ಆರಕ್ಕೆ ಅವರೇ ಬಾಗಿಲು ತೆರೆದರು. ಗುಂಡಿಯಮ್ಮ ತಂಗಿಯನ್ನು ಎಳೆದುಕೊಂಡೇ ಬಂದಿದ್ದಳು. ಪರೀಕ್ಷೆಯಲ್ಲಿ ತಂಗಿಗೂ ಅದೇ ಕಾಯಿಲೆ ಎಂದು ಬಂತು. ಇಬ್ಬರಿಗೂ ಹೊಸ ಕಾರ್ಡು, ಹೊಸ ಔಷಧಿ, ಈ ಸಲ ಒಂದೂವರೆ ವರ್ಷ. ಗುಂಡಿಯಮ್ಮ ಮಾತ್ರೆ ಬಾಯಿಗೆ ಹಾಕಿ ಲೋಟದ ನೀರು ಪೂರ್ತಿ ಕುಡಿದಳು. ಡಾಕ್ಟರಮ್ಮ ಪೆನ್ನೆತ್ತಿದರು. ಕೈ ಚೌಕಕ್ಕೆ ಇಳಿಯಲಿಲ್ಲ.

"ಬಾಯಿ ತೆಗಿ" ಎಂದರು.

ಅವಳು ಅರ್ಥವಾಗದೆ ನೋಡಿದಳು, ಆಮೇಲೆ ತೆರೆದಳು.

"ನಾಲಗೆ ಎತ್ತು."

ಅಡಿಯಲ್ಲಿ ಏನೂ ಇರಲಿಲ್ಲ. ಡಾಕ್ಟರಮ್ಮ ಟಿಕ್ಕು ಹಾಕಿದರು. ತಂಗಿ ಮಾತ್ರೆ ನುಂಗಿ, ಯಾರೂ ಹೇಳುವ ಮೊದಲೇ, ಬಾಯಿ ತೆರೆದು ನಾಲಗೆ ಎತ್ತಿ ನಿಂತಳು.