ಊದದ ಕೊಳಲು

ಕೊಳಲು ತುಟಿಗೆ ತಾಗುವ ಮೊದಲೇ ಅದರ ದನಿ ಕೇಳಿಸಿತು.

ಶರಣಕುಮಾರ ಬೆಚ್ಚಿ ಕೊಳಲನ್ನೇ ನೋಡಿದ. ಅದಿನ್ನೂ ಗಲ್ಲದ ಹತ್ತಿರ, ಗಾಳಿಯಲ್ಲಿತ್ತು. ಆದರೆ ವೇದಿಕೆಯ ಎರಡೂ ಬದಿಯ ಕಪ್ಪು ಸ್ಪೀಕರ್ ಪೆಟ್ಟಿಗೆಗಳಿಂದ ಬೆಳಗಿನ ರಾಗವೊಂದರ ಆಲಾಪ ಹೊರಟು, ಮಿಯಾಪುರದ ಆ ಅಪಾರ್ಟ್‌ಮೆಂಟಿನ ಶಾಮಿಯಾನದ ತುಂಬ ಹರಡಿಕೊಳ್ಳುತ್ತಿತ್ತು. ನವರಾತ್ರಿಯ ಭಾನುವಾರ. ಎದುರಿಗೆ ಕನ್ನಡದ ಕುಟುಂಬಗಳು, ಕೈಯಲ್ಲಿ ಕಾಗದದ ತಟ್ಟೆ, ತಟ್ಟೆಯಲ್ಲಿ ಉಪ್ಪಿಟ್ಟು. ಯಾರೋ ಒಬ್ಬರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು.

ಪಕ್ಕದಲ್ಲಿ ಕೂತಿದ್ದ ಅಮರೇಶಪ್ಪ ಎಲೆಕ್ಟ್ರಾನಿಕ್ ತಂಬೂರಿ ಪೆಟ್ಟಿಗೆಯ ಮೇಲೆ ಕೈಯಿಟ್ಟು, ಹಾಡಲು ಗಂಟಲು ಸರಿಮಾಡಿಕೊಳ್ಳುತ್ತಿದ್ದವನು, ಇತ್ತ ನೋಡಿ ಕಣ್ಣಿನಲ್ಲೇ ಸನ್ನೆ ಮಾಡಿದ. ಹಿಡಿ, ಕೊಳಲು ಹಿಡಿ.

ಶರಣಕುಮಾರ ಹಿಡಿದ. ಹಿಡಿದದ್ದು ತಾನಲ್ಲ, ತನ್ನ ಕೈ ಎಂದು ಆಮೇಲೆ ಎಷ್ಟೋ ಸಲ ಹೇಳಿಕೊಂಡ. ಬೆರಳುಗಳು ಅವನನ್ನು ಒಂದು ಮಾತೂ ಕೇಳದೆ ರಂಧ್ರಗಳ ಮೇಲೆ ಓಡತೊಡಗಿದ್ದವು. ಓಡುವ ದಾರಿ ಅವಕ್ಕೆ ಗೊತ್ತಿತ್ತು. ಯಾಕೆಂದರೆ ಪೆಟ್ಟಿಗೆಯೊಳಗೆ ಊದುತ್ತಿದ್ದವನು ಅವನೇ.

ಶ್ರಾವಣದಲ್ಲಿ ಅಮರೇಶಪ್ಪ ಅವನನ್ನು ಸಿಕಂದರಾಬಾದಿನ ಒಂದು ಗಲ್ಲಿಯ ಸ್ಟುಡಿಯೋಕ್ಕೆ ಕರೆದುಕೊಂಡು ಹೋಗಿದ್ದ. ಮೊಟ್ಟೆಯ ಟ್ರೇಯಂಥ ಗೋಡೆಗಳ ಕೋಣೆ. 'ನಿನ್ನ ಹೆಸರಿಲೆ ಒಂದು ಆಲ್ಬಮ್ ತರೂಣು. ಇಷ್ಟ ವರ್ಷ ನನ್ನ ಹಿಂದ ಕೂತಿ. ಈಗ ನಿನ್ನ ಪಾಳಿ' ಅಂದಿದ್ದ. ಶರಣಕುಮಾರ ಒಂದೊಂದು ಆಲಾಪವನ್ನೂ ಹತ್ತಾರು ಸಲ ಊದಿದ್ದ. ದಮ್ಮು ಹತ್ತಿದಾಗ ನಿಲ್ಲಿಸಿ, ಬಿಸಿನೀರು ಕುಡಿದು, ಮತ್ತೆ ಊದಿದ್ದ. ಆಲ್ಬಮ್ಮಿಗೆ ಏನು ಹೆಸರಿಡಬೇಕೆಂದು ಕಾರ್ಖಾನೆಯಲ್ಲಿ ಕೆಲಸದ ನಡುವೆ ಯೋಚಿಸುತ್ತಿದ್ದ. ಅವನು ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷೆಯ ಅಧಿಕಾರಿ. ಲೋಹದೊಳಗಿನ ಕಣ್ಣಿಗೆ ಕಾಣದ ಬಿರುಕನ್ನು ಸದ್ದಿನಿಂದ ಪತ್ತೆ ಹಚ್ಚುವುದು ಅವನ ಕೆಲಸ.

ಈಗ ಅವನು ಗಮನಿಸಿದ: ಪೆಟ್ಟಿಗೆಯೊಳಗಿನ ಕೊಳಲು ಉಸಿರಾಡುತ್ತಿರಲಿಲ್ಲ. ಎರಡು ಸ್ವರಸಾಲುಗಳ ನಡುವೆ ತಾನು ಉಸಿರೆಳೆದುಕೊಂಡ ಜಾಗಗಳನ್ನೆಲ್ಲ ಕತ್ತರಿಸಿ ತೆಗೆದು, ತುದಿಗೆ ತುದಿ ಅಂಟಿಸಿದ್ದರು. ಮನುಷ್ಯನಿಗೆ ಸಾಧ್ಯವಿಲ್ಲದಷ್ಟು ಉದ್ದಕ್ಕೆ ಆ ಪಂಚಮ ನಿಂತೇ ಇತ್ತು.

ತಬಲದ ಬೂದೆಪ್ಪ ತಲೆ ತಗ್ಗಿಸಿ ಬಾರಿಸುತ್ತಿದ್ದ. ಅವನ ಎಡಗಿವಿಯಿಂದ ತೆಳ್ಳನೆಯ ಕರಿ ವೈರೊಂದು ಇಳಿದು ಅಂಗಿಯೊಳಗೆ ಮಾಯವಾಗಿತ್ತು. ತಾಳ ತಪ್ಪದಂತೆ, ಮೊದಲೇ ಮುದ್ರಿಸಿಟ್ಟ ಟ್ರ್ಯಾಕು ಕೇಳಿಸಿಕೊಳ್ಳಲು. ಅಂದರೆ ಇವನಿಗೂ ಗೊತ್ತು.

ಮೂರನೆಯ ಹಾಡಿನಲ್ಲಿ ಶರಣಕುಮಾರ ಬೇಕೆಂದೇ ಕೊಳಲನ್ನು ತೊಡೆಯ ಮೇಲಿಳಿಸಿ ಸುಮ್ಮನೆ ಕೂತ. ಕೊಳಲು ನುಡಿಯುತ್ತಲೇ ಇತ್ತು. ಅವನು ಜನರನ್ನು ನೋಡಿದ. ಜನ ಉಪ್ಪಿಟ್ಟನ್ನು ನೋಡುತ್ತಿದ್ದರು. ಮುಂದಿನ ಸಾಲಿನ ಹೆಂಗಸೊಬ್ಬಳು ಅವನ ಕಡೆಗೇ ಮೊಬೈಲು ಹಿಡಿದು ವಿಡಿಯೋ ಮಾಡುತ್ತಿದ್ದಳು. ಅವಳಿಗೂ ಏನೂ ಅನ್ನಿಸಿದಂತೆ ಕಾಣಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಕನ್ನಡ ಸಂಘದ ಕಾರ್ಯದರ್ಶಿ ಶಾಲು ಹೊದಿಸಿ, 'ಏನ್ರಿ ಸರ, ವರ್ಷದಿಂದ ವರ್ಷಕ್ಕ ನಿಮ್ಮ ಕೊಳಲಿಗೆ ಹರೇ ಬರಾಕತ್ತೈತಿ' ಅಂದ.

ಶರಣಕುಮಾರ ನಕ್ಕ. ನಕ್ಕದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

ಶಾಮಿಯಾನದ ಹಿಂದೆ ಅಮರೇಶಪ್ಪ ಚಹಾ ಕುಡಿಯುತ್ತಿದ್ದ. ಇಬ್ಬರೂ ಲಿಂಗಸುಗೂರಿನ ಒಂದೇ ಓಣಿಯವರು. ಅಮರೇಶಪ್ಪನಿಗೆ ಸಿಕಂದರಾಬಾದಿನಲ್ಲಿ ಬಟ್ಟೆಯಂಗಡಿ. ಗಣಪತಿ ಕೂತಂದಿನಿಂದ ರಾಜ್ಯೋತ್ಸವ ಮುಗಿಯುವ ತನಕ ಅಂಗಡಿಯನ್ನು ತಮ್ಮನಿಗೆ ಬಿಟ್ಟು, ಜಹೀರಾಬಾದ್, ನಾರಾಯಣಪೇಟೆ, ತಾಂಡೂರು ಎಂದು ಕನ್ನಡದವರು ಇರುವಲ್ಲೆಲ್ಲ ಹಾಡುತ್ತ ತಿರುಗುತ್ತಾನೆ. ಅವನ ಹಿಂದೆ, ಕೊಳಲು ಹಿಡಿದು, ಶರಣಕುಮಾರ.

'ಏನಿದು ಅಮರೇಶಾ?'

'ಯಾವುದು?'

'ಗೊತ್ತಿಲ್ಲದವರಂಗ ಮಾಡಬ್ಯಾಡ.'

ಅಮರೇಶಪ್ಪ ಲೋಟದ ತಳದ ಚಹಾವನ್ನು ಗಿರಗಿರ ತಿರುಗಿಸಿದ. 'ನಿನ್ನ ಕೊಳಲೇ ಐತಲ್ಲೋ. ಮತ್ತ್ಯಾರದಾದ್ರೂ ಹಾಕೀನೇನು?'

'ಆಲ್ಬಮ್ ಅಂದಿದ್ದಿ.'

'ಅದೂ ಮಾಡೂಣು. ಯಾರು ಬ್ಯಾಡ ಅಂದಾರ?'

'ಒಂದು ಮಾತು ಕೇಳಬೇಕಿತ್ತು.'

'ಕೇಳಿದ್ರ ಹೂಂ ಅಂತಿದ್ದೇನು?' ಅಮರೇಶಪ್ಪ ಮೊದಲ ಸಲ ಅವನ ಮುಖ ನೋಡಿದ. 'ಹೋದ ವರ್ಷ ಜಹೀರಾಬಾದಿನ್ಯಾಗ ಏನಾತು, ನೆನಪೈತಿಲ್ಲ?'

ನೆನಪಿತ್ತು. ಕೊರೋನಾ ಬಂದುಹೋದ ಮೇಲೆ ಎದೆಗೂಡು ಮೊದಲಿನಂತಿರಲಿಲ್ಲ. ಜಹೀರಾಬಾದಿನಲ್ಲಿ ಆಲಾಪದ ನಡುವೆ ಉಸಿರು ಕಿತ್ತುಕೊಂಡು ಹೋಗಿ, ಕೊಳಲಿನಿಂದ ಬರೀ ಗಾಳಿ ಬಂದಿತ್ತು. ಜನ ಕಾದರು. ಅವನು ಮತ್ತೆ ಊದಿದ, ಮತ್ತೆ ಗಾಳಿ. ಕೊನೆಗೆ ಯಾರೋ ಪಾಪ ಎಂದು ಚಪ್ಪಾಳೆ ತಟ್ಟಿದ್ದರು. ಆ ಚಪ್ಪಾಳೆ ಇನ್ನೂ ಅವನ ಕಿವಿಯಲ್ಲಿತ್ತು.

'ಹಂಗಾದ್ರ ನನ್ನ ಬಿಟ್ಟುಬಿಡಬೇಕಿತ್ತು. ಬ್ಯಾರೆಯವರನ್ನ ಕರಕೋಬೇಕಿತ್ತು.'

'ನಿನ್ನ ಬಿಡೂದಾ? ಏನಂತ ಮಾತಾಡ್ತಿ.' ಅಮರೇಶಪ್ಪನ ದನಿಯಲ್ಲಿ ನಿಜವಾಗಿಯೂ ನೋವಿತ್ತು. ಅದೇ ಶರಣಕುಮಾರನಿಗೆ ಸಹಿಸಲಾಗಲಿಲ್ಲ. 'ಶೀತಲವ್ವಗ ಕೇಳೇ ಮಾಡೀನಿ. ಹೋಗಿ ಅಕಿನ್ನ ಕೇಳು.'

ಮೆಟ್ರೋದಲ್ಲಿ ನಿಂತುಕೊಂಡೇ ಮನೆಗೆ ಬಂದ. ಸೀಟು ಖಾಲಿಯಿತ್ತು. ಕೂತರೆ ಕೊಳಲಿನ ಚೀಲವನ್ನು ತೊಡೆಯ ಮೇಲಿಟ್ಟುಕೊಳ್ಳಬೇಕಾಗುತ್ತಿತ್ತು.

ಹೆಂಡತಿ ಶೀತಲ ಊಟಕ್ಕೆ ಬಡಿಸಿದಳು. ರೊಟ್ಟಿ, ಪುಂಡಿಪಲ್ಯೆ, ಬಿಸಿಬಿಸಿ ಬೇಳೆ.

'ಹ್ಯಾಂಗಾತ್ರಿ?'

'ಚಲೋ ಆತು.'

'ಮಂದಿ ಬಂದಿದ್ರಾ?'

'ಬಂದಿದ್ರು.'

ಅವಳು ಅವನ ಮುಖವನ್ನು ಒಂದು ಕ್ಷಣ ಓದಿದಳು. ಓದಿ, ಬೇಳೆ ಬಡಿಸುವ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. ಅವನಿಗೆ ಗೊತ್ತಾಯಿತೆಂದು ಅವಳಿಗೆ ಗೊತ್ತಾಯಿತು.

'ಅಮರೇಶ ನಿನ್ನ ಕೇಳಿದ್ನಂತ' ಅಂದ ಶರಣಕುಮಾರ.

ಕೆಳಗೆ ಯಾರದೋ ಕಾರು ಹಿಂದಕ್ಕೆ ಬರುವಾಗಿನ ಕೀರಲು ಸಂಗೀತ ಕೇಳುತ್ತಿತ್ತು.

'ಅಮರೇಶಣ್ಣಾರು ಕೇಳಲಿಲ್ರಿ. ನಾನೇ ಅಂದೆ.'

'ನೀನೇ?'

'ಜಹೀರಾಬಾದಿನ್ಯಾಗ ನಾ ಎರಡನೇ ಸಾಲಿನ್ಯಾಗ ಕೂತಿದ್ದೆ. ನಿಮ್ಮ ಮಾರಿ ನೋಡೂದಾಗ್ಲಿಲ್ಲ ನನಗ. ಎದ್ದು ಹೊರಗ ಹೋದೆ. ನಿಮಗ ಗೊತ್ತಿಲ್ಲ.' ಅವಳು ತಟ್ಟೆಯ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು. 'ಡಾಕ್ಟರು ಕೊಳಲು ಬಿಡ್ರಿ ಅಂದ್ರು. ಬಿಟ್ಟು ನೀವು ಬದುಕೂ ಪೈಕಿ ಅಲ್ಲ. ಹಿಂಗರೆ ಮಾಡಿದ್ರ ಸ್ಟೇಜ್ ಮ್ಯಾಲೆ ಕೂಡ್ತೀರಿ, ಜೀವಕ್ಕೂ ಧಕ್ಕೆಯಿಲ್ಲ ಅಂತ...'

'ಮತ್ತ ಆಲ್ಬಮ್?'

'ಇಲ್ಲಂದ್ರ ನೀವು ಊದಿಕೊಡ್ತಿದ್ದಿಲ್ಲ.'

ಎಷ್ಟು ಸರಳವಾಗಿ ಹೇಳಿದಳು. ಹಾಲು ಕಾಯಿಸುವುದಕ್ಕೆ ಪಾತ್ರೆ ಬೇಕು ಎಂಬಂತೆ. ಶ್ರಾವಣದಲ್ಲಿ ಅವನು ಸ್ಟುಡಿಯೋದಿಂದ ಬಂದ ಪ್ರತಿ ಸಂಜೆ ಇವಳು ಬಿಸಿ ಕಷಾಯ ಮಾಡಿಟ್ಟು ಕಾಯುತ್ತಿದ್ದಳು. 'ಎಲ್ಲಿತನಕ ಬಂತ್ರಿ?' ಎಂದು ಕೇಳುತ್ತಿದ್ದಳು. ಅವನು ಮಗುವಿನಂತೆ ಎಲ್ಲವನ್ನೂ ಹೇಳುತ್ತಿದ್ದ. ಆಲ್ಬಮ್ಮಿಗೆ ಯೋಚಿಸಿದ ಹೆಸರುಗಳನ್ನೂ ಹೇಳಿದ್ದ. ಅವುಗಳಲ್ಲಿ ಒಂದನ್ನು ಅವಳು ಚೆನ್ನಾಗಿದೆ ಎಂದು ಆರಿಸಿಯೂ ಕೊಟ್ಟಿದ್ದಳು.

ರೊಟ್ಟಿ ಮುರಿದು ತಿಂದ. ಹಸಿವಿತ್ತು. ಇಷ್ಟಾದರೂ ಹಸಿವಾಗುತ್ತದಲ್ಲ ಎಂದು ಅವನಿಗೆ ಅಸಹ್ಯವಾಯಿತು.

ಸಂಜೆ ಗಚ್ಚಿಬೌಲಿಯಲ್ಲಿ ಇನ್ನೊಂದು ಕಾರ್ಯಕ್ರಮವಿತ್ತು. ಹೋಗುವುದಿಲ್ಲ ಎಂದುಕೊಂಡು ಮಲಗಿದ. ನಿದ್ದೆ ಬರಲಿಲ್ಲ. ತಾನು ಹೋಗದಿದ್ದರೂ ಕೊಳಲು ಹೋಗುತ್ತದೆ, ಸರಿಯಾದ ಹೊತ್ತಿಗೆ ನುಡಿಯುತ್ತದೆ ಎಂಬುದು ಹೊಳೆದೊಡನೆ ಎದ್ದು ಕೂತ. ಅಮರೇಶಪ್ಪನಿಗೆ ಫೋನು ಮಾಡಿದ.

'ಇವತ್ತ ಸಂಜಿಕೆ ಟ್ರ್ಯಾಕು ಬ್ಯಾಡ. ನಾ ಊದ್ತೀನಿ.'

'ಶರಣಾ...'

'ಕೊಳಲು ನಿಂತ್ರ ನಿಲ್ಲಲಿ. ದಮ್ಮು ಹತ್ತಿದ್ರ ಹತ್ತಲಿ. ಮಂದಿ ನಗಲಿ. ಅದು ನಂದು.'

'ಆತು. ಸಾಬಣ್ಣಗ ಹೇಳ್ತೀನಿ. ಬರೀ ನಿನ್ನ ಮೈಕು. ಆತಿಲ್ಲ?' ಅಂದ ಅಮರೇಶಪ್ಪ. ಸಾಬಣ್ಣ ಅವರ ಸೌಂಡಿನವನು.

'ಆಣಿ ಮಾಡು.'

'ಏ, ಏನು ಸಣ್ಣ ಹುಡುಗನಾಂಗ. ಆತು, ಆಣಿ.'

ಬಾಗಿಲಲ್ಲಿ ನಿಂತು ಶೀತಲ ಕೇಳಿಸಿಕೊಳ್ಳುತ್ತಿದ್ದಳು. ಒಳಗೆ ಹೋಗಿ ಅವನ ಕೆನೆಬಣ್ಣದ ಜುಬ್ಬಕ್ಕೆ ಇಸ್ತ್ರಿ ಹಾಕಿದಳು. ಆಮೇಲೆ ತಾನೂ ರೇಷ್ಮೆ ಸೀರೆ ಉಟ್ಟುಕೊಂಡು ಬಂದು, 'ನಾನೂ ಬರ್ತೀನ್ರಿ' ಅಂದಳು. ಕ್ಯಾಬಿನಲ್ಲಿ ಇಬ್ಬರೂ ಒಂದೊಂದು ಕಿಟಕಿ ನೋಡುತ್ತ ಕೂತರು. ಡ್ರೈವರು ತೆಲುಗಿನಲ್ಲಿ ಯಾರಿಗೋ ಫೋನಿನಲ್ಲಿ ಸುಳ್ಳು ಹೇಳುತ್ತಿದ್ದ. ಇನ್ನೇನು ಬಂದೆ, ಮೂಲೆಯಲ್ಲೇ ಇದ್ದೇನೆ ಎಂದು.

ಗಚ್ಚಿಬೌಲಿಯ ಆ ಬಡಾವಣೆಗೆ ಎತ್ತರದ ಗೇಟು. ತೆಲುಗರ ಹೂವಿನ ಹಬ್ಬ ಬತುಕಮ್ಮದ ಕೊನೆಯ ದಿನ. ಅಂಗಳದ ತುಂಬ ತೆಲುಗು ಹೆಂಗಸರು ಆವರಿಕೆ, ಚೆಂಡುಹೂವುಗಳನ್ನು ಸುತ್ತುಸುತ್ತಾಗಿ ಪೇರಿಸಿದ ಹೂಗೋಪುರಗಳನ್ನು ನೆಲಕ್ಕಿಟ್ಟು ಓಡಾಡುತ್ತಿದ್ದರು. ಪಕ್ಕದ ಕ್ಲಬ್ ಹೌಸಿನಲ್ಲಿ ಎಲ್ಲ ಭಾಷೆಯವರ ಸಾಂಸ್ಕೃತಿಕ ಸಂಜೆ. ಅದರಲ್ಲಿ ಕನ್ನಡಕ್ಕೊಂದು ಪಾಲು.

ಶರಣಕುಮಾರ ವೇದಿಕೆ ಹತ್ತುವ ಮೊದಲು ಸಾಬಣ್ಣನ ಹತ್ತಿರ ಹೋದ. 'ಬರೀ ಮೈಕು.'

'ಹೌದ್ರಿ ಸರ. ಹೇಳ್ಯಾರ' ಅಂದ ಸಾಬಣ್ಣ, ಗುಂಡಿಗಳ ಮೇಲಿನಿಂದ ಕಣ್ಣೆತ್ತದೆ.

ಅಮರೇಶಪ್ಪ ಷಡ್ಜ ಹಿಡಿದ. ಶರಣಕುಮಾರ ಕಣ್ಣು ಮುಚ್ಚಿ ಊದಿದ. ಕೊಳಲು ಅವನ ಉಸಿರು ಸೋಕಿದ ಮೇಲೆಯೇ ನುಡಿಯಿತು. ಹೌದು, ಆಮೇಲೆಯೇ. ಅವನ ಮೈ ಬಿಸಿಯಾಯಿತು. ಯಮನ್ ರಾಗದ ಆಲಾಪ ತಾನಾಗಿಯೇ ದಾರಿ ಮಾಡಿಕೊಂಡು ಹೊರಟಿತು. ಎಲ್ಲಿ ಉಸಿರು ಸಾಲದೋ ಅಲ್ಲಿ ಅವನು ಸ್ವರವನ್ನು ಗಿಡ್ಡ ಮಾಡಿದ, ನಿಂತ, ಎಳೆದುಕೊಂಡ. ಆ ನಿಲ್ಲುವಿಕೆಯಲ್ಲೂ ಒಂದು ಚೆಲುವಿದೆ ಎಂದು ಅವನಿಗೆ ಹೊಸದಾಗಿ ಅನ್ನಿಸಿತು. ಎದೆಯಲ್ಲಿ ಸಿಳ್ಳಿನಂಥ ಸದ್ದು ಶುರುವಾಯಿತು. ಇರಲಿ. ಎಷ್ಟೋ ವರ್ಷಗಳ ಮೇಲೆ ತಾನು ಯಾರ ಹಿಂದೆಯೂ ಕೂತಿಲ್ಲ ಅನ್ನಿಸಿತು. ಸಭೆ ನಿಶ್ಶಬ್ದವಾಗಿತ್ತು. ಮುಂದಿನ ಸಾಲಿನಲ್ಲಿ ಶೀತಲ ಕೈ ಮುಗಿದವಳಂತೆ ಕೂತಿದ್ದಳು.

ತಾರ ಷಡ್ಜಕ್ಕೆ ಏರಿದ. ಏರಿ ನಿಂತ. ಆಗ ಎದೆಗೆ ಯಾರೋ ಹಗ್ಗ ಬಿಗಿದಂತಾಗಿ, ಕಣ್ಣು ಕತ್ತಲೆ ಬಂದು, ಉಸಿರು ಪೂರ್ತಿ ನಿಂತುಹೋಯಿತು. ತುಟಿ ಕೊಳಲಿನಿಂದ ಜಾರಿತು.

ಷಡ್ಜ ನಿಂತೇ ಇತ್ತು.

ಒಂದಿಷ್ಟೂ ಅಲುಗದೆ, ತುಂಬು ದನಿಯಲ್ಲಿ ಅದು ಸಭಾಂಗಣದ ಮೇಲೆ ನಿಂತಿತ್ತು. ಆಮೇಲೆ ಇಳಿಯಿತು, ಅವನು ಶ್ರಾವಣದಲ್ಲಿ ಇಳಿಸಿದ ಹಾಗೆಯೇ. ಶರಣಕುಮಾರ ಸಾಬಣ್ಣನನ್ನು ನೋಡಿದ. ಸಾಬಣ್ಣ ಗುಂಡಿಗಳನ್ನು ನೋಡುತ್ತಿದ್ದ. ಅಮರೇಶಪ್ಪನನ್ನು ನೋಡಿದ. ಅವನು ಕಣ್ಣು ಮುಚ್ಚಿ ಹಾಡುತ್ತಿದ್ದ, ಅಥವಾ ಹಾಡುವ ನೆಪದಲ್ಲಿ ಕಣ್ಣು ಮುಚ್ಚಿದ್ದ. ಕೊನೆಯ ಸ್ವರವೊಂದೇ ಟ್ರ್ಯಾಕಿನದೋ? ಅಥವಾ ಮೊದಲಿನಿಂದಲೂ ಅದೇ ಇತ್ತೋ? ತಾನು ಗಿಡ್ಡ ಮಾಡಿದ ಸ್ವರಗಳು ಯಾರಿಗಾದರೂ ಕೇಳಿಸಿದವೋ? ಲೋಹದ ಬಿರುಕನ್ನು ಕಿವಿಯಿಂದ ಹಿಡಿಯುವವನಿಗೆ ತನ್ನದು ಎಲ್ಲಿ ಮುಗಿದು ಪೆಟ್ಟಿಗೆಯದು ಎಲ್ಲಿ ಶುರುವಾಯಿತೆಂದು ಗೊತ್ತಾಗಲಿಲ್ಲ.

ಕೊಳಲನ್ನು ಮತ್ತೆ ತುಟಿಗೆ ಹಿಡಿದ. ಬೆರಳಾಡಿಸಿದ.

ಮುಗಿದಾಗ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಶೀತಲಳೂ ಎದ್ದು ನಿಂತಿದ್ದಳು. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ವೇದಿಕೆಯ ಹತ್ತಿರ ಬಂದು, 'ಇವತ್ತ ಭಾಳ ಚಲೋ ಊದಿದ್ರಿ' ಅಂದಳು.

ಅವನು ಅವಳ ಕಣ್ಣುಗಳಲ್ಲಿ ಹುಡುಕಿದ. ಅವು ತೇವವಾಗಿದ್ದವು. ಅಷ್ಟೇ. ನಂಬಿದ್ದಾಳೋ, ನಂಬಿಸುತ್ತಿದ್ದಾಳೋ ಅವುಗಳಿಂದ ತಿಳಿಯುವಂತಿರಲಿಲ್ಲ.

'ಹೌದಾ?' ಅಂದ.

'ಹೌದ್ರಿ.'

ಹಿಂದಿನಿಂದ ಅಮರೇಶಪ್ಪನ ನಗು, ಯಾರೋ ಅವನನ್ನು ಹೊಗಳುತ್ತಿದ್ದ ಇಂಗ್ಲಿಷು ಕೇಳಿಸಿತು. ಶರಣಕುಮಾರ ಕೊಳಲನ್ನು ಕುರ್ಚಿಯ ಮೇಲೆ ಬಿಟ್ಟು ಪಕ್ಕದ ಬಾಗಿಲಿನಿಂದ ಹೊರಗೆ ಬಂದ.

ಹೊರಗೆ ಕ್ಲಬ್ ಹೌಸಿನ ಈಜುಕೊಳ. ಹೂಗೋಪುರಗಳನ್ನು ಬಿಡುವ ಕೆರೆ ಇಲ್ಲಿಂದ ದೂರ, ದಾರಿಯಲ್ಲಿ ವಾಹನಗಳ ಗದ್ದಲ. ಹಾಗಾಗಿ ಬತುಕಮ್ಮನನ್ನು ಈ ಕೊಳದಲ್ಲೇ ಬಿಟ್ಟು, ಫೋಟೋ ತೆಗೆಸಿಕೊಂಡು, ಹೆಂಗಸರೆಲ್ಲ ಊಟಕ್ಕೆ ಹೋಗಿದ್ದರು. ನೀಲಿ ಹೆಂಚಿನ ತಳ ಕಾಣುವಷ್ಟು ತಿಳಿಯಾದ ನೀರು. ಮೂಲೆಯಲ್ಲಿ ಪಂಪು ಗುಂಯ್‌ಗುಡುತ್ತ ಅದೇ ನೀರನ್ನು ಒಳಗೆಳೆದು ಅದೇ ಕೊಳಕ್ಕೆ ಬಿಡುತ್ತಿತ್ತು. ಹೂಗೋಪುರಗಳು ಮುಳುಗಿರಲಿಲ್ಲ. ನೀರು ತಳ್ಳಿದತ್ತ ಒಂದರ ಹಿಂದೊಂದು ಸಾಗಿ, ಉಕ್ಕಿನ ಏಣಿಗೆ ಬಡಿದು, ನಾಲ್ಕು ಹೂ ಉದುರಿಸಿ, ತಿರುಗಿ ಅದೇ ಸುತ್ತಿಗೆ ಬೀಳುತ್ತಿದ್ದವು.

ಅವನು ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು, ಹತ್ತಿರ ಬಂದ ಒಂದು ಗೋಪುರವನ್ನು ಮುಳುಗಲೆಂದು ಅಂಗೈಯಿಂದ ಒತ್ತಿದ. ಅದು ಕೆಳಗೆ ಹೋಯಿತು. ಕೈ ತೆಗೆದೊಡನೆ ಮೇಲೆ ಬಂತು. ಹೂವಿನ ಪದರ ಕಳಚಿದ ಕಡೆ ಒಳಗಿನ ಥರ್ಮೋಕೋಲು ಬೆಳ್ಳಗೆ ಕಾಣುತ್ತಿತ್ತು.