ಕಾಶಿರಾಮ ಹಿಂದಕ್ಕೆ ಕಳಿಸಿದ ರಿಜಿಸ್ಟ್ರಿ

ಮಾಣಿಕನಗರದಲ್ಲಿ ಕಾಶಿರಾಮನ ಹಿಟ್ಟಿನ ಗಿರಣಿ ಯಾರಿಗೆ ಗೊತ್ತಿಲ್ಲ? 2007ರ ಮಾತು. ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಸಾಕು, ಜೋಳ ಬೀಸುವುದನ್ನು ಅರ್ಧಕ್ಕೆ ಬಿಟ್ಟು ಈ ಮಹಾರಾಯ ಹಿಂಬಾಗಿಲಿಂದ ಮಾಯ! ಗಿರಣಿಯ ಮಳಿಗೆ ಅಡವಿಟ್ಟು ತಂದ ಸಾಲದ ಕಂತು ನಿಂತು ಐದಾರು ತಿಂಗಳಾಗಿತ್ತು. ಬ್ಯಾಂಕಿನಿಂದ ರಿಜಿಸ್ಟ್ರಿ ಟಪಾಲು ಬರುತ್ತಿತ್ತು, ಸಹಿ ಮಾಡುವವರಿಲ್ಲದೆ ಹಿಂದಕ್ಕೆ ಹೋಗುತ್ತಿತ್ತು.

ಹೆಂಡತಿ ಅಂಬುಬಾಯಿಗೆ ತಡೆಯದ ಕುತೂಹಲ. "ಒಳಗ ಏನ್ ಬರದಾರ, ಒಮ್ಮೆ ನೋಡೂನ್ರಿ."

"ಕೈಲಿ ಹಿಡದ್ರ ಒಪ್ಕೊಂಡಂಗ. ತಗೊಳ್ಳಲಿಲ್ಲಂದ್ರ ನಮಗ ಬಂದೇ ಇಲ್ಲ!"

ಬೀಸಲು ಜೋಳ ತಂದಿದ್ದ ದ್ರೌಪತಿ ಇದನ್ನು ಕೇಳಿದಳು. ಅವಳು ಮಹಿಳಾ ಸಂಘದ ಕಾರ್ಯದರ್ಶಿ, ಹುಮನಾಬಾದಿನ ಕೋರ್ಟಿನಲ್ಲಿ ನಡೆದ ಕಾನೂನು ಶಿಬಿರಕ್ಕೆ ಹೋಗಿ ಬಂದವಳು.

"ಅಣ್ಣಾ, ಬೆಕ್ಕು ಕಣ್ ಮುಚ್ಕೊಂಡು ಹಾಲು ಕುಡದ್ರ ಮಂದಿಗೆ ಕಾಣಂಗಿಲ್ಲೇನು? ವಾಪಸ್ ಕಳಿಸಿದ್ರೂ ಅದು ಮುಟ್ಟಿದಂಗ ಲೆಕ್ಕ. ನೋಟಿಸಿನ ಗಡುವಿನ ದಿನ ಓಡಾಕತ್ತಾವು. ಮುಗದ್ವಂದ್ರ ಮಳಗಿ ಅವ್ರ ಕೈಗೆ."

ಕಾಶಿರಾಮನ ಮುಖ ಬಾಡಿತು. ಅಪ್ಪ ಕಟ್ಟಿಸಿದ ಮಳಿಗೆ ಅದು. ಹೋದರೆ ಹೊಟ್ಟೆಪಾಡೂ ಹೋದಂತೆ.

ಮರುದಿನ ಸೈಕಲ್ ಗಂಟೆ ಕೇಳಿದಾಗ ಅಂಬುಬಾಯಿ ಹಿಂಬಾಗಿಲಿಗೆ ಅಡ್ಡ ನಿಂತಳು. ಕಾಶಿರಾಮ ಸಹಿ ಹಾಕಿದ.

ದ್ರೌಪತಿ ಓದಿ ಹೇಳಿದಳು. ಅರವತ್ತು ದಿನದಲ್ಲಿ ಸಾಲ ಕಟ್ಟದಿದ್ದರೆ ಬ್ಯಾಂಕು ಮಳಿಗೆಯನ್ನು ವಶಕ್ಕೆ ತೆಗೆದುಕೊಳ್ಳುತ್ತದೆ. ನೋಟಿಸಿನ ತಾರೀಖಿನಿಂದ ಎಣಿಸಿದರೆ ಅದರಲ್ಲಿ ಹದಿನಾಲ್ಕು ದಿನ ಆಗಲೇ ಕಳೆದಿದ್ದವು.

ಅಂಬುಬಾಯಿ ಕಾಗದದತ್ತ ಬಗ್ಗಿದಳು. "ದಸರಾಕ್ಕ ಕಟ್ಟಿದ ಇಪ್ಪತ್ತು ಸಾವಿರ ಇದರಾಗ ಎಲ್ಲೈತಿ?"

ಎಲ್ಲೂ ಇರಲಿಲ್ಲ. ರಸೀದಿ ಮಾತ್ರ ಅವಳ ಪೆಟ್ಟಿಗೆಯಲ್ಲಿ ಜೋಪಾನವಾಗಿತ್ತು.

"ಬರದು ಕೇಳ್ರಿ ಅಕ್ಕಾ. ನಾವು ತಕರಾರು ಬರದು ಕೊಟ್ರ ಕಾರಣ ಸಮೇತ ಉತ್ತರ ಕೊಡೋದು ಬ್ಯಾಂಕಿನವ್ರ ಜವಾಬ್ದಾರಿ."

ಕಾಶಿರಾಮನಿಗೆ ನಂಬಿಕೆ ಬರಲಿಲ್ಲ. "ಅವ್ರು ದೊಡ್ಡವ್ರು. ಅಗ್ಗಕ್ಕ ಹರಾಜ್ ಹಾಕಿ ಪೂರಾ ನುಂಗ್ತಾರ. ಸೊಸೈಟಿಯವ್ರೂ ಇದೇ ಮಳಗಿ ಅಡವು ಹಿಡದು ಸಾಲ ಕೊಟ್ಟಾರ. ಅವ್ರಿಗೆ ಹ್ಯಾಂಗ ಮಾರಿ ತೋರಸ್ಲಿ?"

"ನುಂಗಾಕ ಬರಂಗಿಲ್ಲಣ್ಣ. ಹರಾಜಿಗೆ ಮೊದಲ ಮಳಗಿಗೆ ಬೆಲಿ ಕಟ್ಟಿಸ್ಬೇಕು, ಮೂವತ್ತು ದಿನದ ನೋಟಿಸ್ ಕೊಡ್ಬೇಕು. ತನ್ನ ಬಾಕಿ, ಖರ್ಚು ಹಿಡ್ಕೊಂಡು ಉಳದದ್ರಾಗ ಸೊಸೈಟಿಗೆ ಬರಬೇಕಾದ್ದು ಸೊಸೈಟಿಗೆ. ಮತ್ತೂ ಉಳದ್ರ ಅದು ನಿಮ್ದು."

"ಹಂಗೂ ಐತೇನು!" ಎಂದು ಕಾಶಿರಾಮ ಬಾಯಿ ತೆರೆದ.

ಮೂವರೂ ಬ್ಯಾಂಕಿಗೆ ಹೋದರು. ಅರ್ಜಿಯ ಜೊತೆ ರಸೀದಿಯ ನಕಲು ಕೊಟ್ಟು, ತಮ್ಮ ಪ್ರತಿಯ ಮೇಲೆ ಮುಟ್ಟಿದ್ದಕ್ಕೆ ಬ್ಯಾಂಕಿನ ಸಿಕ್ಕಾ ಹಾಕಿಸಿಕೊಂಡರು. ವಾರದೊಳಗೆ ಉತ್ತರ ಬಂತು. ಆ ಇಪ್ಪತ್ತು ಸಾವಿರ ಬೇರೊಬ್ಬರ ಖಾತೆಗೆ ಜಮೆಯಾಗಿತ್ತಂತೆ. ಬ್ಯಾಂಕು ಲೆಕ್ಕ ತಿದ್ದಿತು, ಉಳಿದ ಬಾಕಿ ಕಂತುಗಳಿಗೆ ಮೂರು ತಿಂಗಳ ಅವಧಿಯನ್ನೂ ಕೊಟ್ಟಿತು. ಪತ್ರ ಹಿಡಿದ ಕಾಶಿರಾಮನ ಕಣ್ಣು ತುಂಬಿತು. "ನನ್ನ ಹೆದರಿಕಿಗೆ ಅಪ್ಪನ ಮಳಗಿ ಕಳೀತಿದ್ನಲ್ಲ" ಎಂದ.

ಅಕ್ಕ, ಅಣ್ಣಂದಿರೇ, ಸಾಲ ತಂದವರು ತೀರಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಾಲ ಕೊಟ್ಟವರಿಗೂ ಕಾನೂನಿನ ಕಟ್ಟುಪಾಡಿದೆ. ನೋಟಿಸ್ ಬಂದರೆ ತೆಗೆದುಕೊಳ್ಳಿ, ಅವತ್ತೇ ಓದಿಸಿ. ಲೆಕ್ಕ ತಾಳೆಯಾಗದಿದ್ದರೆ ಬರೆದು ಕೇಳಿ. ತಿಳಿಯದಿದ್ದರೆ ತಾಲೂಕಿನ ಕಾನೂನು ಸೇವಾ ಸಮಿತಿಗೆ ಹೋಗಿ. ನೀವು ಅಡವಿಟ್ಟದ್ದು ಮಳಿಗೆಯನ್ನು. ಕೇಳುವ ಬಾಯಿ ಇನ್ನೂ ನಿಮ್ಮದೇ.