ಪೈಲ್ವಾನನ ಅಂಗಿ

ಸವತಿಯಾಗಿ ಬರುವವಳಿಗೆ ಉಡಿ ಸಾಮಾನು ಕಟ್ಟುವ ಕೆಲಸವೂ ತನ್ನ ಕೊರಳಿಗೇ ಬಿತ್ತಲ್ಲ ಎಂದು ಕೇಶರಬಾಯಿಗೆ ಮೈಯೆಲ್ಲ ಉರಿಯುತ್ತಿತ್ತು. ಬೀದರಿನ ಚಿದ್ರಿಯಲ್ಲಿ ಅವರ ಮನೆ. ಬೆಳಗಿನ ಬಸ್ಸಿಗೆ ಔರಾದಕ್ಕೆ ಹೋಗಬೇಕು, ಗಂಡ ಮಚ್ಛೇಂದ್ರನಿಗೆ ಎರಡನೇ ಹೆಣ್ಣು ನೋಡಬೇಕು. ಅತ್ತೆ ಜಿಜಾಬಾಯಿ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಒಂದೊಂದೇ ಸಾಮಾನಿನ ಹೆಸರು ಒದರುತ್ತಿದ್ದಳು. ಅಕ್ಕಿ ಆಯಿತು, ಉತ್ತತ್ತಿ ಆಯಿತು, ಅರಿಶಿಣ ಕೊಂಬು ಆಯಿತು.

"ಕೊಬ್ಬರಿ ಬಟ್ಲ ಎರಡು ಇಡು. ಒಂದೇ ಇಟ್ಟು ನಾಕ್ ಮಂದ್ಯಾಗ ನನ್ನ ಮಾನ ಕಳೀಬ್ಯಾಡ."

"ಇಟ್ಟೀನ್ರಿ ಅತ್ತಿ."

"ಮತ್ತ ನಿನ್ನ ಕೈಲೇ ತುಂಬಬೇಕು, ತಿಳೀತಿಲ್ಲೋ? ಹಿರೇ ಹೆಂಡ್ತಿ ಉಡಿ ತುಂಬಿದ್ರನ ಹುಡುಗಿ ಕೊಡ್ತೀವಿ ಅಂತ ಹುಡುಗಿ ಅಪ್ಪ ಪಂಢರಿ ಹೇಳಿ ಕಳಿಸ್ಯಾನ."

ಎಂಥ ಮಜಾ ನೋಡಿ! ಮದುವೆಯಾಗಿ ಮೂರು ವರ್ಷ, ಒಂದು ಕೂಸಿಲ್ಲ ಎಂದು ಓಣಿಯ ಯಾವ ಬಸುರಿಯ ಉಡಿ ತುಂಬಲಿಕ್ಕೂ ಕೇಶರಳನ್ನು ಕರೆಯುತ್ತಿರಲಿಲ್ಲ. ಅವಳು ಬಂದರೆ ಹೆಂಗಸರು ಕುಂಕುಮದ ಬಟ್ಟಲು ಮೆಲ್ಲಗೆ ಆಚೆ ಸರಿಸುತ್ತಿದ್ದರು. ಇವತ್ತು ಮಾತ್ರ ಅದೇ ಕೈ ಬೇಕು, ಯಾಕೆಂದರೆ ಮೊದಲ ಹೆಂಡತಿ ತಾನೇ ಒಪ್ಪಿದ್ದೇನೆ ಎಂದು ಮಂದಿಗೆ ತೋರಿಸಬೇಕಲ್ಲ. ಎರಡನೇ ಲಗ್ನಕ್ಕೆ ಈಗ ಕಾಯ್ದೆ ಅಡ್ಡ ಬರುತ್ತದಂತೆ ಎಂದು ಅವಳು ಒಮ್ಮೆ ಬಾಯಿಬಿಟ್ಟಿದ್ದಳು. "ಕಾಯ್ದಾ ದಿಲ್ಲ್ಯಾಗ ಅದ, ಮೊಮ್ಮಗ ನನ್ನ ಮನ್ಯಾಗ ಬೇಕಾಗ್ಯಾನ" ಎಂದು ಅತ್ತೆ ಆ ಬಾಯಿಯನ್ನು ಅಲ್ಲೇ ಮುಚ್ಚಿಸಿದ್ದಳು.

ಅತ್ತೆ ಎಮ್ಮೆಗೆ ಹುಲ್ಲು ಹಾಕಲು ಹಿತ್ತಲಿಗೆ ಹೋದಾಗ ಕೇಶರ ಒಲೆಯ ಹಿಂದಿನ ಗೂಡಿಗೆ ಕೈ ಹಾಕಿದಳು. ಅಲ್ಲಿ ಚಹಾಪುಡಿಯ ಒಂದು ಹಳೆಯ ಡಬ್ಬಿ ಇತ್ತು. ಒಳಗೆ ಕತ್ತು ಮುರಿದ ಸಣ್ಣ ಸಣ್ಣ ಗಾಜಿನ ಶೀಸೆಗಳು. ಡಬ್ಬಿಯನ್ನು ಉಡಿಯ ಗಂಟಿನಲ್ಲಿ, ಅಕ್ಕಿಯ ಅಡಿಗೆ ತುರುಕಿದಳು. ಯಾಕೆ ತುರುಕಿದೆ ಎಂದು ಆ ಗಳಿಗೆಯಲ್ಲಿ ಕೇಳಿದ್ದರೆ ಅವಳಿಗೂ ಹೇಳಲಿಕ್ಕೆ ಬರುತ್ತಿರಲಿಲ್ಲ.

ಆ ಶೀಸೆಗಳ ಕಥೆ ಎರಡು ವರ್ಷದ್ದು. ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಇನ್ನು ಮುಂದೆ ಇಲ್ಲಿ ಗೆದ್ದ ಪೈಲ್ವಾನರು ದಸರಾ ಕುಸ್ತಿಗೆ ಮೈಸೂರಿಗೇ ಹೋಗಬಹುದು ಎಂದು ತಾಲೀಮಿನ ಗರಡಿಯಲ್ಲೆಲ್ಲ ಅದೇ ಮಾತು. ಮಚ್ಛೇಂದ್ರ ಆಗಲೇ ಹೆಸರು ಮಾಡಿದವನು. ಆದರೆ ಆ ವರ್ಷ ಭಾಲ್ಕಿಯ ಕುಸ್ತಿಯಲ್ಲಿ ಉದಗೀರ ಕಡೆಯ ಒಬ್ಬ ಮೀಸೆ ಮೂಡದ ಹುಡುಗ ಇವನ ಬೆನ್ನನ್ನು ಮಣ್ಣಿಗೆ ಹಚ್ಚಿಬಿಟ್ಟ. ಮೂರು ದಿನ ಇವನು ಅನ್ನ ಮುಟ್ಟಲಿಲ್ಲ. ನಾಲ್ಕನೆಯ ದಿನ ಕಂಪೌಂಡರ ಜಹೀರೋದ್ದೀನ ಮನೆಗೆ ಬಂದ. ಹೈದರಾಬಾದಿನ ಯಾವುದೋ ದವಾಖಾನೆಯಲ್ಲಿ ಕೆಲಸ ಮಾಡಿ ಬಂದವನು, ಡಾಕ್ಟರಿಗಿಂತ ಹೆಚ್ಚು ಗತ್ತು.

"ಇದು ವಿಲಾಯತಿ ತಾಕತ್ತು, ಪೈಲ್ವಾನ. ಗಂಡಸ್ತನಾನೇ ಶೀಸೇದಾಗ ತುಂಬ್ಯಾರ ನೋಡು" ಎಂದು ಅವನು ಸೂಜಿ ಏರಿಸಿದ್ದ.

ಅಂದಿನಿಂದ ಪ್ರತಿ ಶುಕ್ರವಾರ ಒಳಕೋಣೆಯಲ್ಲಿ ಸೂಜಿ. ತಾಯಿಗೆ ಹೇಳಿದ್ದು ಭುಜದ ನೋವಿನ ಔಷಧ ಎಂದು. ಕೆಲವೇ ತಿಂಗಳಲ್ಲಿ ತೋಳು ತುಂಬಿ, ಕುತ್ತಿಗೆ ದಪ್ಪಗಾಗಿ, ಓಣಿಯ ಜನ ನಿಂತು ನೋಡುವ ಹಾಗಾಯಿತು. ತಾಲೀಮಿನ ಉಸ್ತಾದ ದಸ್ತಗೀರ ಸಾಹೇಬರು ಅದು ತಮ್ಮ ಕಸರತ್ತಿನ ಫಲ ಎಂದರು. ಜಿಜಾಬಾಯಿ ಅದು ತನ್ನ ಎಮ್ಮೆಯ ಹಾಲು ಎಂದಳು. ಕೇಶರ ಮಾತ್ರ ಶುಕ್ರವಾರ ಶುಕ್ರವಾರ ಕಾಲಿಗೆ ಚುಚ್ಚದಿರಲಿ ಎಂದು ಗಾಜಿನ ಚೂರು ಗುಡಿಸಿ ಡಬ್ಬಿಗೆ ಹಾಕುತ್ತಿದ್ದಳು.

ಆಮೇಲೆ ಅವನು ಹೆಂಡತಿಯ ಕಡೆ ತಿರುಗಿ ಮಲಗುವುದನ್ನೇ ಬಿಟ್ಟ. ತನ್ನ ಮೈಯಲ್ಲಿ ಆ ಆಸೆಯೇ ಉಳಿದಿಲ್ಲ ಎಂದು ನಾಚಿಕೊಳ್ಳುತ್ತ ಉಸ್ತಾದರಿಗೆ ಹೇಳಿದರೆ, ಆ ಮುದುಕರು ಕುಣಿದಾಡುವುದೊಂದು ಬಾಕಿ! ಹೆಣ್ಣಿನ ಸುದ್ದಿಗೆ ಹೋಗದೆ ಲಂಗೋಟಿ ಬಿಗಿಯಾಗಿ ಕಟ್ಟಿದವನೇ ಪೈಲ್ವಾನ ಎಂದು ಅವರು ಜನ್ಮವಿಡೀ ಪಾಠ ಹೇಳಿದವರು.

"ಶಾಬಾಶ್ ಬೇಟಾ! ಲಂಗೋಟಿ ಪಕ್ಕಾ ಆಯ್ತು ನಿಂದು" ಎಂದು ತಾಲೀಮಿಗೆಲ್ಲ ಪೇಡೆ ಹಂಚಿದರು.

ರೋಗಕ್ಕೆ ಪೇಡೆ ಹಂಚಿದ ಊರು ಇನ್ನೆಲ್ಲಿದ್ದೀತು! ಆ ಪೇಡೆಯನ್ನು ಕೇಶರಳೂ ತಿಂದಿದ್ದಳು.

ಮುಂದೆ ಒಂದೊಂದೇ ಶುರುವಾಯಿತು. ಬೆನ್ನ ತುಂಬ ಕೀವಿನ ಗುಳ್ಳೆಗಳು. ಬಾಚಿದಷ್ಟೂ ಉದುರುವ ಕೂದಲು. ಸಂಜೆಯಾದರೆ ಬಾತುಕೊಳ್ಳುವ ಪಾದಗಳು. ಬ್ಯಾಳಿ ಸಾರಿಗೆ ಉಪ್ಪು ಕಮ್ಮಿಯಾಯಿತೆಂದು ಒಂದು ದಿನ ತಾಟನ್ನು ಗೋಡೆಗೆ ಬೀಸಿ ಒಗೆದ. ಹಿಂದೆ ಇರುವೆ ತುಳಿದರೂ ಮರುಗುತ್ತಿದ್ದ ಮನುಷ್ಯ! ಕೊನೆಗೆ ಎದೆ ಊದಿಕೊಳ್ಳತೊಡಗಿತು, ಎರಡೂ ಕಡೆ, ಹೆಣ್ಣುಮಕ್ಕಳಿಗೆ ಬರುವ ಹಾಗೆ. ಅಂದಿನಿಂದ ಅವನು ಬಿರುಬೇಸಿಗೆಯಲ್ಲೂ ಕೊರಳ ತನಕ ಗುಂಡಿ ಹಾಕಿದ ದಪ್ಪ ಅಂಗಿ ತೊಟ್ಟ. ಭುಜ ತಪ್ಪಿದೆ ಎಂದು ಸುಳ್ಳು ಹೇಳಿ ತಾಲೀಮು ಬಿಟ್ಟ. ಸೂಜಿ ಮಾತ್ರ ಬಿಡಲಿಲ್ಲ. ನಡುವೆ ಬಿಟ್ಟರೆ ಮೈ ಕರಗಿಹೋಗುತ್ತದೆ, ಎರಡರಷ್ಟು ತಗೊಂಡರೆ ಬಾವು ತಾನೇ ಇಳಿಯುತ್ತದೆ ಎಂದು ಜಹೀರೋದ್ದೀನ ಹೆದರಿಸಿದ್ದ.

ಕೇಶರ ಇದನ್ನು ಹಾಗೇ ಬಿಡಲಿಲ್ಲ. ಎರಡು ತಿಂಗಳ ಹಿಂದೆ, ಮೈಸೂರು ಕಡೆಯಿಂದ ಬೀದರಿನ ದವಾಖಾನೆಗೆ ಹೊಸದಾಗಿ ಬಂದಿದ್ದ ಡಾಕ್ಟರಮ್ಮನಿಗೆ ಮೊದಲು ತನ್ನನ್ನೇ ತೋರಿಸಿಕೊಂಡಳು. ನಿನ್ನಲ್ಲಿ ಏನೂ ದೋಷವಿಲ್ಲ ಎಂದರು ಆಕೆ. ಮರುವಾರ ಭುಜ ತೋರಿಸೋಣ ನಡೆಯಿರಿ ಎಂದು ಗಂಡನನ್ನೂ ಕರೆದೊಯ್ದಳು. ಡಾಕ್ಟರಮ್ಮ ಅಂಗಿ ತೆಗೆಸಿ ನೋಡಿದರು. ಅವನ ಕಣ್ಣಿನ ರೆಪ್ಪೆ ಎಳೆದು ನೋಡಿದರು, ರಕ್ತದ ಒತ್ತಡ ನೋಡಿದರು. ಕೇಶರ ಸೆರಗಿನಲ್ಲಿ ಕಟ್ಟಿ ತಂದಿದ್ದ ಒಂದು ಶೀಸೆಯ ಮೇಲಿನ ಚೀಟಿ ಓದಿದಾಗ ಅವರ ಮುಖ ಗಂಟಾಯಿತು.

"ಯಾರ್ರೀ ಇದನ್ನ ಕೊಟ್ಟಿದ್ದು? ಗಂಡಸರ ಮೈ ತಾನೇ ತಯಾರು ಮಾಡ್ಕೊಳ್ಳೋ ರಸ ಇದು. ಹೊರಗಿಂದ ಇಷ್ಟು ಸುರಿದ್ರೆ ಒಳಗೆ ತಯಾರಾಗೋದು ನಿಂತೇ ಹೋಗುತ್ತೆ. ಹಾಗಾದ್ಮೇಲೆ ಮಕ್ಕಳು ಎಲ್ಲಿಂದ ಆಗ್ಬೇಕು? ಮೈ ಹೆಚ್ಚಾದದ್ದನ್ನೇ ಒಂದಿಷ್ಟು ಹೆಣ್ಣಿನ ರಸವಾಗಿ ತಿರುಗಿಸುತ್ತೆ, ಎದೆ ಬಂದಿರೋದು ಅದಕ್ಕೇ. ಹೃದಯಕ್ಕೂ ಒಳ್ಳೇದಲ್ಲ."

"ಸೂಜಿ ಬಿಟ್ರ ಮೈ ಸುದ್ದ ಆಗ್ತದೇನ್ರಿ ಡಾಕ್ಟರ್ ಬಾಯಿ?" ಎಂದು ಕೇಶರ ಕೇಳಿದಳು.

"ಇವತ್ತೇ ನಿಲ್ಲಿಸಿ, ನನ್ನ ಕಣ್ಣೆದುರಿಗೆ ಇರ್ಲಿ. ತಿಂಗಳುಗಟ್ಟಲೆ ಹಿಡಿಯುತ್ತೆ. ಎಷ್ಟೋ ಜನಕ್ಕೆ ಸರಿಹೋಗುತ್ತೆ, ಎಲ್ಲರಿಗೂ ಅಂತ ನಾನು ಮಾತು ಕೊಡಲಾರೆ. ತಡ ಮಾಡಿದಷ್ಟೂ ಕಷ್ಟ."

ಮಚ್ಛೇಂದ್ರ ಅಂಗಿ ಎತ್ತಿಕೊಂಡು ಎದ್ದವನು ನೆಟ್ಟಗೆ ಮನೆಗೆ ನಡೆದ. ಮನೆಯಲ್ಲಿ ಕೇಶರಳ ಬಲಗೈ ಹಿಡಿದು ತನ್ನ ನೆತ್ತಿಯ ಮೇಲಿಟ್ಟುಕೊಂಡ.

"ಅವ್ವಗ, ಉಸ್ತಾದಗ, ಯಾರಿಗೂ ಒಂದ್ ಮಾತು ಹೇಳಂಗಿಲ್ಲ. ನನ್ನ ಆಣಿ ಅದ. ಹೇಳಿದ್ರ ನಾ ಸತ್ತಂಗ."

ಆಣೆ ಹಾಕಿಬಿಟ್ಟ, ಮುಗಿಯಿತು! ಅವನು ಬಾಯಿಬಿಡುವುದಿಲ್ಲ, ಇವಳು ಬಿಡುವ ಹಾಗಿಲ್ಲ. ಮುಂದಿನ ಶುಕ್ರವಾರ ಜಹೀರೋದ್ದೀನ ಮತ್ತೆ ಬಂದ. ಅತ್ತೆ ದಿನಕ್ಕೆ ಹತ್ತು ಸಲ ಬಂಜೆ ಎಂದಳು. "ಅಂಥಾ ಆನಿಯಂಥ ಮಗ, ಅವನಲ್ಲಿ ಕೊರತಿ ಇರ್ತದ?" ಎಂದು ಬಂದವರಿಗೆಲ್ಲ ಮಗನ ತೋಳು ತೋರಿಸಿದಳು. ಅವನು ತಲೆ ತಗ್ಗಿಸಿ ಹಾಲು ಕುಡಿಯುತ್ತ ಕೂತಿರುತ್ತಿದ್ದ. ಆ ಹಾಲಿನ ಚರಿಗೆಯನ್ನು ಕಸಿದು ಅವನ ತಲೆಯ ಮೇಲೆ ಸುರಿಯಬೇಕು ಎಂದು ಕೇಶರಳಿಗೆ ಎಷ್ಟು ಸಲ ಅನಿಸಿತ್ತೋ.

ಔರಾದದಲ್ಲಿ ಬಸ್ಸಿಳಿದಾಗ ಬಿಸಿಲೇರಿತ್ತು. ಹುಡುಗಿಯ ಅಪ್ಪ ಪಂಢರಿ ಕುಸ್ತಿಯ ಹುಚ್ಚ. ಪೈಲ್ವಾನ ಅಳಿಯ ಎಂದರೆ ಮೊದಲ ಹೆಂಡತಿ ಇದ್ದರೂ ಅಡ್ಡಿಯಿಲ್ಲ ಎನ್ನುವಷ್ಟು ಹುಚ್ಚು. ಅಂಗಳದಲ್ಲಿ ಊರಿನ ಎಂಟು ಹತ್ತು ಗಂಡಸರನ್ನು ಕೂಡಿಸಿದ್ದ. ಚಹಾ ಮುಗಿಯುವುದರೊಳಗೆ ಅವನಿಗೆ ತಡೆಯಲಾಗಲಿಲ್ಲ.

"ಪೈಲ್ವಾನ್ರ, ಅಂಗಿ ತೆಗೀರಿ ಜರಾ. ಹಿಂದ ಕುಸ್ತ್ಯಾಗ ದೂರದಿಂದ ನೋಡಿದ್ದೆ. ನಮ್ಮ ಮಂದೀನೂ ಮೈ ನೋಡ್ಲಿ."

"ತೆಗಿಯಪ್ಪಾ, ತೆಗಿ. ಇವರೇನು ಹೊರಗಿನವರೇನು?" ಜಿಜಾಬಾಯಿ ಹೆಮ್ಮೆಯಿಂದ ಸೆರಗು ಸರಿಮಾಡಿಕೊಂಡಳು.

ಮಚ್ಛೇಂದ್ರನ ಮುಖದಲ್ಲಿ ರಕ್ತವೇ ಇರಲಿಲ್ಲ. ಕೈ ಮೇಲಿನ ಗುಂಡಿಯ ತನಕ ಹೋಗಿ ಅಲ್ಲೇ ನಿಂತಿತು. ಅವನು ಕೇಶರಳನ್ನು ನೋಡಿದ. ತೆಗೆಯಲಿ, ಎಲ್ಲರೂ ನೋಡಲಿ, ತನ್ನ ಮೂರು ವರ್ಷದ ಸಂಕಟ ಇಲ್ಲಿಗೇ ಹರಿಯಲಿ ಎಂದು ಅವಳು ಹಲ್ಲು ಕಚ್ಚಿದಳು. ಆದರೆ ಅವನ ಆ ನೋಟವನ್ನು ಅವಳಿಗೆ ತಾಳಲಾಗಲಿಲ್ಲ.

"ಅವರಿಗಿ ಹರಕಿ ಅದರಿ" ಎಂದುಬಿಟ್ಟಳು. "ದಸರಾ ತನಕ ನಾಕ್ ಮಂದ್ಯಾಗ ಅಂಗಿ ತೆಗ್ಯಂಗಿಲ್ಲ ಅಂತ."

"ಹರಕಿ ಅಂದ್ರ ಮುಗೀತು ಬಿಡ್ರಿ" ಎಂದ ಪಂಢರಿ. ಗಂಡಸರೆಲ್ಲ ತಲೆಯಾಡಿಸಿದರು. ಮಚ್ಛೇಂದ್ರ ಉಸಿರು ಬಿಟ್ಟ. ಕೇಶರಳಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನಿಸಿತು. ಎಂಥ ಮೂರ್ಖಳು ನಾನು! ಇವನ ಮಾನ ಕಾಯ್ದು ಸವತಿಯನ್ನು ಕೈಯಾರೆ ಮನೆಗೆ ಕರಕೊಂಡು ಹೋಗುತ್ತಿದ್ದೇನಲ್ಲ!

ಹುಡುಗಿಯನ್ನು ತಂದು ಮಣೆಯ ಮೇಲೆ ಕೂಡಿಸಿದರು. ಸೋಜರ ಎಂದು ಹೆಸರು. ಹದಿನಾರು ತುಂಬಿತ್ತೋ ಇಲ್ಲವೋ. ಸೀರೆ ಸಡಿಲಾಗಿ ಹೆಗಲಿನಿಂದ ಜಾರುತ್ತಿತ್ತು. ಕೇಶರ ಗಂಟು ಹಿಡಿದು ಎದುರಿಗೆ ಕೂತಾಗ ಆ ಹುಡುಗಿ ತಲೆ ಎತ್ತದೆಯೇ ಪಿಸುಗುಟ್ಟಿತು.

"ಅಕ್ಕಾ, ನನಗೂ ಕೂಸಾಗ್ಲಿಲ್ಲ ಅಂದ್ರ ಮತ್ತೊಬ್ಬಾಕಿನ್ನ ತರ್ತಾರೇನ್ರಿ?"

ಕೇಶರಳ ಕೈ ನಿಂತಿತು. ತರುತ್ತಾರೆ, ತರದೆ ಏನು! ಮೂರು ವರ್ಷ ಬಿಟ್ಟು ಜಿಜಾಬಾಯಿ ಇದೇ ಮಾತು ಈ ಕೂಸಿಗೂ ಅನ್ನುತ್ತಾಳೆ. ಮಚ್ಛೇಂದ್ರ ಇವಳ ಕೈಯನ್ನೂ ನೆತ್ತಿಯ ಮೇಲಿಟ್ಟು ಆಣೆ ಹಾಕುತ್ತಾನೆ. ಓಣಿಯ ಹೆಂಗಸರು ಇವಳಿಂದಲೂ ಕುಂಕುಮದ ಬಟ್ಟಲು ಸರಿಸುತ್ತಾರೆ. ಅಷ್ಟರಲ್ಲಿ ಇನ್ನೆಷ್ಟು ಶುಕ್ರವಾರಗಳು, ಆ ಹೊತ್ತಿಗೆ ಇವನಾದರೂ ಬದುಕಿರುತ್ತಾನೋ ಇಲ್ಲವೋ.

ಕೇಶರ ಕುಂಕುಮ ಹಚ್ಚಿದಳು. ಹಸಿರು ಕುಪ್ಪಸದ ಖಣ ಇಟ್ಟಳು, ಕೊಬ್ಬರಿ ಬಟ್ಟಲು ಎರಡೂ ಇಟ್ಟಳು. ಆಮೇಲೆ ಗಂಟಿನ ತಳದಿಂದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಹುಡುಗಿಯ ಕೈಗೆ ತಾಗದ ಹಾಗೆ ಮೆಲ್ಲಗೆ ಅವಳ ಉಡಿಯಲ್ಲಿ ಇಟ್ಟಳು. ಗಾಜು ಗಲಗಲ ಎಂದಿತು.

"ಇದೇನ್ ತಂಗಿ?" ಹುಡುಗಿಯ ತಾಯಿ ಕಾಂತಾಬಾಯಿ ಬಗ್ಗಿ ನೋಡಿದಳು. "ಉಡ್ಯಾಗ ಒಡದ ಗಾಜು ಹಾಕ್ತಾರೇನು?"

"ಇವರ ಮನ್ಯಾಗ ನನ್ನ ಉಡಿಗಿ ಬಿದ್ದದ್ದು ಇದೇರಿ ಅಕ್ಕಾ. ಅದನ್ನೇ ಈಕಿಗಿ ಕೊಟ್ಟೀನಿ" ಎಂದಳು ಕೇಶರ. "ಇವು ಯಾರವು, ಎದಕ್ಕ ಅಂತ ನನಗ ಕೇಳಬ್ಯಾಡ್ರಿ. ನನಗ ಆಣಿ ಅದ. ಹೇಳಾವ್ರು ಅಲ್ಲಿ ಕೂತಾರ."

ಅಂಗಳವೆಲ್ಲ ತಿರುಗಿ ಮಚ್ಛೇಂದ್ರನನ್ನು ನೋಡಿತು.

"ಭುಜದ ಔಷಧದ ಶೀಸಾ ಅವು!" ಜಿಜಾಬಾಯಿ ಎದ್ದು ನಿಂತು ಚೀರಿದಳು. "ಬಂಜಿ, ಹೊಟ್ಟಿಕಿಚ್ಚಿಗಿ ಮಾಟ ಮಾಡ್ಲಿಕ್ಕ ತಂದಾಳ. ಪಂಢರಿ, ಈಕಿ ಮಾತು ಕೇಳಬ್ಯಾಡ!"

"ಅವ್ವಾ."

ಮಚ್ಛೇಂದ್ರ ಎದ್ದಿದ್ದ. ಅವನು ಮೊದಲು ಉಡಿಯಲ್ಲಿದ್ದ ಡಬ್ಬಿಯನ್ನು, ಆಮೇಲೆ ಆ ಹುಡುಗಿಯನ್ನು ನೋಡಿದ. ಹುಡುಗಿ ಅಲುಗಾಡಿದರೆ ಗಾಜು ಚುಚ್ಚೀತೆಂದು ಉಸಿರು ಬಿಗಿಹಿಡಿದು ಕೂತಿತ್ತು. ಅವನು ಹೋಗಿ ಡಬ್ಬಿ ಎತ್ತಿಕೊಂಡ. ಅದನ್ನು ಕಟ್ಟೆಯ ಮೇಲಿಟ್ಟು ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದ. ಅಂಗಿ ತೆಗೆದು ಡಬ್ಬಿಯ ಪಕ್ಕಕ್ಕೆ ಹಾಕಿದ.

ಪಂಢರಿ ಆ ಬಾತ ಎದೆ ನೋಡಿ, ನೆಲ ನೋಡಿದ. ಒಬ್ಬ ಗಂಡಸು ಕೆಮ್ಮಿದ.

"ತಾಕತ್ತಿನ ಸೂಜಿರಿ ಇವು" ಎಂದ ಮಚ್ಛೇಂದ್ರ. "ನಾನೇ ಚುಚ್ಚಿಸ್ಕೊಂಡಿದ್ದು. ಕೊರತಿ ನನ್ನಲ್ಲಿ ಅದ, ಕೇಶರಳಲ್ಲಿ ಇಲ್ಲ. ಹುಡುಗೀನ್ನ ನಮ್ಮನಿಗಿ ಕೊಡಬ್ಯಾಡ್ರಿ."

ಜಿಜಾಬಾಯಿ ಮಗನ ಎದೆಯನ್ನು ನೋಡುತ್ತ ನಿಂತಳು. ಆಮೇಲೆ ಓಡಿಬಂದು ತನ್ನ ಸೆರಗನ್ನೇ ಎಳೆದು ಅವನ ಎದೆಗೆ ಹೊದಿಸಿದಳು, ಮೈನೆರೆದ ಮಗಳಿಗೆ ಹೊದಿಸುವ ಹಾಗೆ.

ಮರಳುವ ಬಸ್ಸಿನಲ್ಲಿ ಅರ್ಧ ದಾರಿಯಾದ ಮೇಲೆ ಜಿಜಾಬಾಯಿಗೆ ಬಾಯಿ ಬಂತು. "ಗಂಡನ ಮಾನ ಮಂದ್ಯಾಗ ಹರಾಜು ಹಾಕಿದಿ. ಮನ್ಯಾಗ ನನಗೊಬ್ಬಾಕಿಗಿ ಹೇಳಿದ್ರ ಆಗ್ತಿರಲಿಲ್ಲೇನು?"

ಕೇಶರಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಹೇಳಿದ್ದರೆ ನೀವು ನಂಬುತ್ತಿದ್ದಿರಾ ಎಂದು ಕೇಳಲು ತಿರುಗಿದಳು. ಅಷ್ಟರಲ್ಲಿ ಮಚ್ಛೇಂದ್ರ ನಡುವೆ ಬಂದ.

"ಸುಮ್ಕಿರು ಅವ್ವ. ಈಕಿಗಿ ನೀ ಬಂಜಿ ಅಂದಾಗೆಲ್ಲ ನಾ ಸುಮ್ಕ ಕೂತಿದ್ದೆ. ಇವತ್ತೊಂದಿನ ನೀ ಸುಮ್ಕ ಕೂಡು."

ಬೀದರಿನ ಕೋಟೆಗೋಡೆ ಕಾಣಿಸಿತು. ಅವತ್ತು ಶುಕ್ರವಾರ. ಜಹೀರೋದ್ದೀನ ಚೀಲ ಹಿಡಿದು ಮನೆಯ ಕಟ್ಟೆಯ ಮೇಲೆ ಕಾಯುತ್ತ ಕೂತಿರುತ್ತಾನೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಮಚ್ಛೇಂದ್ರ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡಿರಲಿಲ್ಲ. ಕಿಟಕಿಯ ಕಡೆ ಮುಖ ಮಾಡಿಯೇ ಕೇಳಿದ.

"ಆ ಡಾಕ್ಟರಮ್ಮ ಸಂಜಿಗಿ ಎಷ್ಟರ ತನಕ ಕೂಡ್ತಾಳ?"

"ಐದರ ತನಕ" ಎಂದಳು ಕೇಶರ. "ಮನಿಗಿ ಹೋಗೂದು ಬ್ಯಾಡ. ಹಂಗೇ ನಡೀರಿ."